ನಲವತ್ತು ತುಂಬಿದ ಬಾಯ್ಲರ್‌ಗಳು: ಶಕ್ತಿನಗರದ ಮೊದಲೆರಡು ಘಟಕಗಳ ಪ್ರಕರಣ

ಶಕ್ತಿನಗರದಲ್ಲಿ ಕಲ್ಲಿದ್ದಲಿನಿಂದ ನಡೆಯುವ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಒಂದನೇ ಘಟಕ ವಿದ್ಯುತ್ ಕೊಡಲು ಆರಂಭಿಸಿದ್ದು 1985ರಲ್ಲಿ, ಎರಡನೆಯದು 1986ರಲ್ಲಿ. ತಲಾ 210 ಮೆಗಾವ್ಯಾಟ್ ಸಾಮರ್ಥ್ಯದ ಈ ಎರಡಕ್ಕೂ ಈಗ ನಲವತ್ತರ ಆಸುಪಾಸು. ಇಂಥ ಯಂತ್ರಗಳನ್ನು ವಿನ್ಯಾಸಗೊಳಿಸುವಾಗ ಹಿಡಿಯುವ ಆಯುಸ್ಸು ಸಾಮಾನ್ಯವಾಗಿ 25 ವರ್ಷ. ಮುಚ್ಚಬೇಕು ಎನ್ನುವ ಮಾತು, ದುರಸ್ತಿ ಮಾಡಿ ಓಡಿಸಬೇಕು ಎನ್ನುವ ಮಾತು ಎರಡೂ ಜಿಲ್ಲೆಯಲ್ಲಿ ಬಹಳ ದಿನಗಳಿಂದ ಕೇಳಿಬರುತ್ತಿವೆ. ಈ ಎರಡು ಮಾತುಗಳ ನಡುವೆ ಸದ್ದಿಲ್ಲದೆ ನಡೆಯುವ ಮೂರನೆಯದೊಂದಿದೆ: ಏನನ್ನೂ ತೀರ್ಮಾನಿಸದೆ, ಕೆಟ್ಟಾಗ ತೇಪೆ ಹಾಕಿ, ಬೇಕಾದಾಗ ಹೊತ್ತಿಸಿ, ಬೇಡವಾದಾಗ ಆರಿಸುತ್ತ ದಿನ ದೂಡುವುದು. ಈ ಮೂರನೆಯದೇ ಎಲ್ಲಕ್ಕಿಂತ ದುಬಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲೆರಡು ಘಟಕಗಳನ್ನು ನಿಲ್ಲಿಸುವುದೇ ಸರಿ ಎಂದೂ ನಾನು ಭಾವಿಸುತ್ತೇನೆ. ಆದರೆ ನಿಲ್ಲಿಸುವ ರೀತಿಯನ್ನು ಇಂದೇ ಬರೆದಿಡದಿದ್ದರೆ ಅದರ ಪೆಟ್ಟು ಬೀಳುವುದು ವಿದ್ಯುತ್ ಜಾಲಕ್ಕಲ್ಲ, ಶಕ್ತಿನಗರಕ್ಕೆ, ದೇವಸೂಗೂರಿಗೆ, ಸುತ್ತಲಿನ ಹಳ್ಳಿಗಳಿಗೆ.

ಕೇಂದ್ರ ಇಲ್ಲಿಗೇಕೆ ಬಂತು

ಎಂಬತ್ತರ ದಶಕದವರೆಗೆ ಕರ್ನಾಟಕದ ವಿದ್ಯುತ್ ಎಂದರೆ ಬಹುತೇಕ ಜಲವಿದ್ಯುತ್. ಜೋಗ, ಶರಾವತಿ, ಕಾಳಿ. ಮಲೆನಾಡಿನಲ್ಲಿ ಮಳೆ ತಪ್ಪಿದ ವರ್ಷ ಬೆಂಗಳೂರಿನ ಕಾರ್ಖಾನೆಗಳಿಗೂ ಬಯಲುಸೀಮೆಯ ಪಂಪ್‌ಸೆಟ್‌ಗಳಿಗೂ ಒಟ್ಟಿಗೇ ಕತ್ತಲೆ. ಮಳೆಯ ಹಂಗಿಲ್ಲದ ವಿದ್ಯುತ್ ಬೇಕೆಂದು ರಾಜ್ಯ ತನ್ನ ಮೊದಲ ಶಾಖೋತ್ಪನ್ನ ಕೇಂದ್ರಕ್ಕೆ ಜಾಗ ಹುಡುಕಿದಾಗ ಕಣ್ಣಿಗೆ ಬಿದ್ದದ್ದು ರಾಯಚೂರು ನಗರದಿಂದ ಸುಮಾರು 20 ಕಿಲೊಮೀಟರ್ ಉತ್ತರಕ್ಕೆ, ಹೈದರಾಬಾದ್ ರಸ್ತೆ ಕೃಷ್ಣೆಯನ್ನು ದಾಟುವ ಕಡೆಯ ಈ ದಂಡೆ.

ಕಾರಣಗಳು ಸರಳ. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲು ಇಲ್ಲ. ಹತ್ತಿರದ ದೊಡ್ಡ ಗಣಿಗಳು ಗೋದಾವರಿ ಕಣಿವೆಯ ಸಿಂಗರೇಣಿಯವು. ಮುಂಬೈ–ಚೆನ್ನೈ ರೈಲು ಮಾರ್ಗ ರಾಯಚೂರಿನ ಮೇಲೆಯೇ ಹಾದುಹೋಗುತ್ತದೆ. ನದಿ ಪಕ್ಕದಲ್ಲಿದೆ. ರೈಲು, ನೀರು, ನೆಲ ಮೂರೂ ಒಂದೇ ಕಡೆ ಸಿಕ್ಕವು. 1985ರಲ್ಲಿ ಒಂದು ಘಟಕದಿಂದ ಆರಂಭವಾದ ಕೇಂದ್ರ 2010ರ ಹೊತ್ತಿಗೆ ಎಂಟು ಘಟಕಗಳದ್ದಾಯಿತು: ತಲಾ 210 ಮೆಗಾವ್ಯಾಟ್‌ನ ಏಳು, 250 ಮೆಗಾವ್ಯಾಟ್‌ನ ಒಂದು, ಒಟ್ಟು 1,720 ಮೆಗಾವ್ಯಾಟ್. ಬಳ್ಳಾರಿ ಜಿಲ್ಲೆಯ ಕುಡತಿನಿಯಲ್ಲಿ 1,700 ಮೆಗಾವ್ಯಾಟ್‌ನ ಕೇಂದ್ರ, ರಾಯಚೂರಿಗೆ ಇನ್ನೂ ಹತ್ತಿರದ ಯರಮರಸ್‌ನಲ್ಲಿ ತಲಾ 800 ಮೆಗಾವ್ಯಾಟ್‌ನ ಎರಡು ಘಟಕಗಳು ಆಮೇಲೆ ಬಂದವು. ರಾಜ್ಯ ಸರ್ಕಾರದ ಕಲ್ಲಿದ್ದಲು ವಿದ್ಯುತ್ತೆಲ್ಲವೂ ಹೀಗೆ ಈ ಎರಡು ಅಕ್ಕಪಕ್ಕದ ಜಿಲ್ಲೆಗಳಲ್ಲಿ ಹುಟ್ಟುತ್ತದೆ. ಬೂದಿಯೂ ಇಲ್ಲೇ ಉಳಿಯುತ್ತದೆ.

ಕಲ್ಲಿದ್ದಲು ಹೊರಗಿನಿಂದ ಬರಬೇಕಾದ ಕೇಂದ್ರ ಹೊರಗಿನ ಏರುಪೇರುಗಳಿಗೆ ಸದಾ ತೆರೆದುಕೊಂಡೇ ಇರುತ್ತದೆ. 2011ರಲ್ಲಿ ತೆಲಂಗಾಣ ರಾಜ್ಯಕ್ಕಾಗಿ ನಡೆದ ‘ಸಕಲ ಜನುಲ ಸಮ್ಮೆ’ಯಲ್ಲಿ ಸಿಂಗರೇಣಿಯ ಕಾರ್ಮಿಕರು ಗಣಿಗೆ ಇಳಿಯದಿದ್ದಾಗ ಶಕ್ತಿನಗರದ ಕಲ್ಲಿದ್ದಲು ಅಂಗಳ ಬರಿದಾಗತೊಡಗಿತು. 2021ರ ಅಕ್ಟೋಬರ್‌ನಲ್ಲಿ ದೇಶದೆಲ್ಲೆಡೆ ಕಲ್ಲಿದ್ದಲು ಕೊರತೆಯಾದಾಗಲೂ ಇಲ್ಲಿನ ಹಲವು ಘಟಕಗಳು ನಿಂತವು. ಎಂಟೂ ಘಟಕಗಳು ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ದಿನಕ್ಕೆ 25 ಸಾವಿರ ಟನ್ನಿಗೂ ಹೆಚ್ಚು ಕಲ್ಲಿದ್ದಲು ಬೇಕು. ಒಂದು ಗೂಡ್ಸ್ ರೈಲಿನಲ್ಲಿ ಬರುವುದು ನಾಲ್ಕು ಸಾವಿರ ಟನ್ನಿಗೂ ಸ್ವಲ್ಪ ಕಡಿಮೆ. ದಿನವೂ ಆರೇಳು ರೈಲುಗಳು ತಪ್ಪದೆ ಬರುತ್ತಿರಬೇಕು. ಹೀಗೆ ಕಲ್ಲಿದ್ದಲು ಕಡಿಮೆ ಬಿದ್ದಾಗ ಇರುವುದನ್ನು ಯಾವ ಬಾಯ್ಲರ್‌ಗೆ ಹಾಕಿದರೆ ಹೆಚ್ಚು ವಿದ್ಯುತ್ ಬರುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಉತ್ತರವಾಗಿ ಮೊದಲೆರಡು ಘಟಕಗಳ ಹೆಸರನ್ನು ಹೇಳಲು ಸಾಧ್ಯವಿಲ್ಲ.

ಉಕ್ಕಿಗೆ ವಯಸ್ಸಾಗುವ ಬಗೆ

ಈ ಪ್ರಕರಣದ ತಿರುಳು ಬಾಯ್ಲರ್‌ನ ಒಳಗಿದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು.

210 ಮೆಗಾವ್ಯಾಟ್ ಘಟಕವೊಂದರಲ್ಲಿ ಗಂಟೆಗೆ ಸುಮಾರು 650ರಿಂದ 700 ಟನ್ ಹಬೆ ತಯಾರಾಗುತ್ತದೆ. ಆ ಹಬೆಯ ಉಷ್ಣತೆ 535ರಿಂದ 540 ಡಿಗ್ರಿ ಸೆಲ್ಸಿಯಸ್, ಒತ್ತಡ ಚದರ ಸೆಂಟಿಮೀಟರ್‌ಗೆ 130ರಿಂದ 150 ಕಿಲೊಗ್ರಾಂ. ಇದನ್ನು ಹೊತ್ತೊಯ್ಯುವುದು ಕುಲುಮೆಯ ಗೋಡೆಯುದ್ದಕ್ಕೂ ನೆತ್ತಿಯವರೆಗೂ ಹೆಣೆದ ಉಕ್ಕಿನ ಕೊಳವೆಗಳು. ಅವುಗಳ ಉದ್ದ ಕಿಲೊಮೀಟರ್‌ಗಟ್ಟಲೆ, ಬೆಸುಗೆಗಳು ಸಾವಿರಾರು. ಈ ಉಷ್ಣತೆಯಲ್ಲಿ, ಈ ಒತ್ತಡದಲ್ಲಿ ಉಕ್ಕು ವರ್ಷಗಳ ಮೇಲೆ ವರ್ಷ ಅತಿ ನಿಧಾನವಾಗಿ ಹಿಗ್ಗುತ್ತ ಹೋಗುತ್ತದೆ. ಎಂಜಿನಿಯರುಗಳು ಇದನ್ನು ಕ್ರೀಪ್ ಎನ್ನುತ್ತಾರೆ. ಲೋಹದ ಕಣಗಳ ಅಂಚಿನಲ್ಲಿ ಮೊದಲು ಸೂಕ್ಷ್ಮ ರಂಧ್ರಗಳು ಹುಟ್ಟುತ್ತವೆ, ಅವು ಸಾಲುಗೂಡುತ್ತವೆ, ಸಾಲು ಬಿರುಕಾಗುತ್ತದೆ. ಹೊರಗಿನಿಂದ ಕೊಳವೆ ಗಟ್ಟಿಯಾಗಿಯೇ ಕಾಣುತ್ತಿರುತ್ತದೆ. ಈ ಕಾರಣಕ್ಕೇ ಭಾರತೀಯ ಬಾಯ್ಲರ್ ನಿಯಮಗಳು 400 ಡಿಗ್ರಿ ಮೀರಿದ ಉಷ್ಣತೆಯಲ್ಲಿ ದುಡಿಯುವ ಭಾಗಗಳು 1 ಲಕ್ಷ ಗಂಟೆ ಮುಗಿಸಿದ ಮೇಲೆ ಉಳಿದ ಆಯುಸ್ಸಿನ ಪರೀಕ್ಷೆ ಆಗಲೇಬೇಕೆಂದು ಹೇಳುತ್ತವೆ. ವರ್ಷಕ್ಕೆ ಏಳು ಸಾವಿರ ಗಂಟೆ ಓಡುವ ಘಟಕವೊಂದು 1 ಲಕ್ಷ ಗಂಟೆಯನ್ನು ಹದಿನಾಲ್ಕು–ಹದಿನೈದು ವರ್ಷಗಳಲ್ಲಿ ಮುಟ್ಟುತ್ತದೆ.

ಕ್ರೀಪ್ ಒಂದು ಕಡೆಯ ಸವೆತ. ಇನ್ನೊಂದು ಕಡೆಯದನ್ನು ನಮ್ಮ ಕಲ್ಲಿದ್ದಲೇ ತರುತ್ತದೆ. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಶೇ 30ರಿಂದ 40. ಆ ಬೂದಿಯಲ್ಲಿ ಗಟ್ಟಿ ಸಿಲಿಕಾ ಕಣಗಳಿರುತ್ತವೆ. ಅನಿಲದ ಜೊತೆ ವೇಗವಾಗಿ ನುಗ್ಗುವ ಈ ಕಣಗಳು ಬಾಯ್ಲರ್‌ಗೆ ಹೋಗುವ ನೀರನ್ನು ಮೊದಲೇ ಬಿಸಿಮಾಡುವ ಎಕಾನಮೈಸರ್ ಕೊಳವೆಗಳನ್ನು ಹೊರಗಿನಿಂದ ಉಜ್ಜಿ ತೆಳುಮಾಡುತ್ತವೆ. ತೆಳುವಾದ ಕೊಳವೆ ಒಂದು ದಿನ ಒಡೆಯುತ್ತದೆ. ಪತ್ರಿಕೆಗಳಲ್ಲಿ ‘ಬಾಯ್ಲರ್ ಕೊಳವೆ ಸೋರಿಕೆ: ಘಟಕ ಸ್ಥಗಿತ’ ಎಂದು ಎರಡು ಸಾಲಿನಲ್ಲಿ ಬರುವ ಸುದ್ದಿಯ ಹಿಂದೆ ಇರುವುದು ಇದು.

ಆ ಎರಡು ಸಾಲುಗಳಲ್ಲಿ ಕಾಣದ ಕೆಲಸವನ್ನೂ ಹೇಳಬೇಕು. ಸೋರಿಕೆ ಮೊದಲು ಗೊತ್ತಾಗುವುದು ನಿಯಂತ್ರಣ ಕೊಠಡಿಯಲ್ಲಿ: ಬಾಯ್ಲರ್‌ಗೆ ಮೇಲಿಂದ ತುಂಬಬೇಕಾದ ನೀರು ಇದ್ದಕ್ಕಿದ್ದಂತೆ ಹೆಚ್ಚುತ್ತದೆ, ಕುಲುಮೆಯ ಒತ್ತಡ ಅಲುಗಾಡುತ್ತದೆ. ಗೋಡೆಯ ಬಳಿ ನಿಂತವರಿಗೆ ಬುಸುಗುಟ್ಟುವ ಸದ್ದು ಕೇಳುತ್ತದೆ. ಒಡೆದ ಕೊಳವೆಯ ಹಬೆ ಪಕ್ಕದ ಕೊಳವೆಗಳನ್ನೂ ಕೊರೆಯುವುದರಿಂದ ತಡ ಮಾಡುವಂತಿಲ್ಲ. ಘಟಕವನ್ನು ಜಾಲದಿಂದ ಬಿಡಿಸಿ, ಬೆಂಕಿ ಆರಿಸಿ, ಮನುಷ್ಯ ಒಳಹೋಗುವಷ್ಟು ತಣ್ಣಗಾಗುವವರೆಗೆ ಕಾಯಬೇಕು. ಆಮೇಲೆ ಒಳಗೆ ಅಟ್ಟಣಿಗೆ ಕಟ್ಟಿ, ಕೆಟ್ಟ ಕೊಳವೆಯನ್ನು ಕತ್ತರಿಸಿ, ಹೊಸ ತುಂಡನ್ನು ಬೆಸೆದು, ಬೆಸುಗೆಯನ್ನು ಎಕ್ಸ್-ರೇ ತೆಗೆದು, ನೀರಿನ ಒತ್ತಡದಲ್ಲಿ ಪರೀಕ್ಷಿಸಿ, ಮತ್ತೆ ಎಣ್ಣೆಯಿಂದ ಹೊತ್ತಿಸಬೇಕು. ರಾಯಚೂರಿನ ಮೇ ತಿಂಗಳಲ್ಲಿ, ಹೊರಗೆ 42–43 ಡಿಗ್ರಿ ಇರುವಾಗ, ಬಿಸಿ ಆರದ ಬಾಯ್ಲರ್‌ನ ಒಳಗೆ ಬೂದಿಯ ನಡುವೆ ಮಲಗಿ ಬೆಸುಗೆ ಹಾಕುವವರಲ್ಲಿ ಹೆಚ್ಚಿನವರು ಗುತ್ತಿಗೆ ಕಾರ್ಮಿಕರು. ಹಳೆಯ ಘಟಕವನ್ನು ‘ಹೇಗೋ ಓಡಿಸುತ್ತಿದ್ದಾರೆ’ ಎಂದು ನಾವು ಹೇಳುವಾಗ ಆ ಮಾತಿನೊಳಗೆ ಈ ಜನರ ಮೈ ಇದೆ.

ನಿಧಾನವಾಗಿ ಓಡು, ಬೇಗ ಓಡು, ನಿಲ್ಲು

1985ರಲ್ಲಿ ಈ ಘಟಕಗಳಿಗೆ ಒಪ್ಪಿಸಿದ ಕೆಲಸ ಒಂದೇ ಆಗಿತ್ತು: ಹಗಲು ರಾತ್ರಿ ಒಂದೇ ಸಮನೆ ಪೂರ್ಣ ಸಾಮರ್ಥ್ಯದಲ್ಲಿ ಓಡುವುದು. ಒಂದೇ ಉಷ್ಣತೆಯಲ್ಲಿ ಇದ್ದರೆ ದಪ್ಪ ಉಕ್ಕು ನೆಮ್ಮದಿಯಾಗಿರುತ್ತದೆ. ಕಳೆದ ಹತ್ತು ವರ್ಷಗಳಲ್ಲಿ ಆ ಕೆಲಸವೇ ಬದಲಾಗಿದೆ. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕ್ ಸೇರಿದಂತೆ ರಾಜ್ಯದ ಸೌರ ವಿದ್ಯುತ್ ಬೆಳಿಗ್ಗೆ ಏರಿ ಸಂಜೆ ಇಳಿಯುತ್ತದೆ. ಮುಂಗಾರಿನಲ್ಲಿ ಗಾಳಿ ವಿದ್ಯುತ್ತೂ ಜಲವಿದ್ಯುತ್ತೂ ಒಟ್ಟಿಗೇ ತುಂಬಿ ಬರುತ್ತವೆ. ಆಗ ವಿದ್ಯುತ್ತಿನ ಬೇಡಿಕೆ, ಉತ್ಪಾದನೆಗಳನ್ನು ಸರಿದೂಗಿಸುವ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರ ಉತ್ಪಾದನೆ ತಗ್ಗಿಸುವಂತೆ, ಇಲ್ಲವೇ ಘಟಕವನ್ನೇ ನಿಲ್ಲಿಸುವಂತೆ ಶಾಖೋತ್ಪನ್ನ ಕೇಂದ್ರಗಳಿಗೆ ಸೂಚಿಸುತ್ತದೆ. ಅಗ್ಗದ ವಿದ್ಯುತ್ತನ್ನು ಮೊದಲು ಕೊಳ್ಳಬೇಕೆಂಬ ನಿಯಮದಡಿ ಇದು ಸರಿಯಾದ ಸೂಚನೆಯೇ. ಅದರಲ್ಲಿ ತಪ್ಪಿಲ್ಲ.

ಆದರೆ ಪ್ರತಿ ಸಲ ನಿಲ್ಲಿಸಿ ಹೊತ್ತಿಸುವಾಗಲೂ ಟರ್ಬೈನಿನ ದಪ್ಪ ಕವಚ, ಬಾಯ್ಲರ್‌ನ ಡ್ರಮ್, ಹಬೆ ಕೂಡುವ ಹೆಡರ್‌ಗಳು ನೂರಾರು ಡಿಗ್ರಿ ತಣ್ಣಗಾಗಿ ಮತ್ತೆ ಬಿಸಿಯಾಗುತ್ತವೆ. ಹೊರಮೈ ಒಂದು ಉಷ್ಣತೆಯಲ್ಲಿ, ಒಳಮೈ ಇನ್ನೊಂದರಲ್ಲಿ. ಹಾಗೆ ಎಳೆದು ಬಿಟ್ಟು ಎಳೆದು ಬಿಟ್ಟು ಲೋಹ ದಣಿಯುತ್ತದೆ. ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ಅದು ಯಾವ ಬಾರಿಗೆ ಮುರಿಯುತ್ತದೆಂದು ಹೇಳಲಾಗದ ಹಾಗೆ, ನಲವತ್ತು ವರ್ಷ ಕ್ರೀಪ್ ಉಂಡ ಹೆಡರ್ ಎಷ್ಟನೆಯ ಹೊತ್ತಿಸುವಿಕೆಯಲ್ಲಿ ಬಿರುಕು ಬಿಡುತ್ತದೆಂದು ನಿಖರವಾಗಿ ಹೇಳುವುದು ಕಷ್ಟ. ಕ್ರೀಪ್ ಮತ್ತು ಈ ದಣಿವು ಒಟ್ಟಿಗೆ ಬಂದಾಗ ಆಗುವ ಹಾನಿ ಎರಡನ್ನೂ ಬೇರೆ ಬೇರೆ ಕೂಡಿದ್ದಕ್ಕಿಂತ ಹೆಚ್ಚು.

ಖರ್ಚೂ ಇದೆ. 200–250 ಮೆಗಾವ್ಯಾಟ್ ಶ್ರೇಣಿಯ ಘಟಕವೊಂದು ಪೂರ್ತಿ ತಣ್ಣಗಾದ ಮೇಲೆ ಮತ್ತೆ ಹೊತ್ತಿಸಲು 50 ಸಾವಿರ ಲೀಟರ್, ಇನ್ನೂ ಬಿಸಿ ಇರುವಾಗ ಹೊತ್ತಿಸಲು 20 ಸಾವಿರ ಲೀಟರ್ ಎಣ್ಣೆ ಬೇಕೆಂದು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗವೇ ಹೀಗೆ ನಿಲ್ಲಿಸಿ ಹೊತ್ತಿಸುವುದಕ್ಕೆ ಕೊಡುವ ಪರಿಹಾರದ ಲೆಕ್ಕಕ್ಕಾಗಿ ಹಿಡಿದಿತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮಗಳು ಕಲ್ಲಿದ್ದಲು ಘಟಕಗಳು ಪೂರ್ಣ ಸಾಮರ್ಥ್ಯದ ಶೇ 55ರಷ್ಟು ಹೊರೆಗೆ ಇಳಿಯಲು ಶಕ್ತವಾಗಿರಬೇಕು, ಹಂತ ಹಂತವಾಗಿ ಶೇ 40ಕ್ಕೂ ಸಿದ್ಧವಾಗಬೇಕು ಎನ್ನುತ್ತವೆ. 210 ಮೆಗಾವ್ಯಾಟ್‌ನ ಶೇ 55 ಎಂದರೆ ಸುಮಾರು 115. ಆ ಮಟ್ಟದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಡುವ ಕಲ್ಲಿದ್ದಲು ಹೆಚ್ಚುತ್ತದೆ. ಪಂಪು, ಫ್ಯಾನು, ಕಲ್ಲಿದ್ದಲು ಪುಡಿಮಾಡುವ ಗಿರಣಿಗಳಿಗೆ ಘಟಕ ತಾನೇ ತಿನ್ನುವ ವಿದ್ಯುತ್ತು ಪೂರ್ಣ ಹೊರೆಯಲ್ಲಿ ಶೇ 9ರ ಆಸುಪಾಸು ಇರುತ್ತದೆ, ಅರ್ಧ ಹೊರೆಯಲ್ಲಿ ಅದರ ಪಾಲು ಇನ್ನೂ ಏರುತ್ತದೆ. ಜ್ವಾಲೆ ಸ್ಥಿರವಾಗಿ ನಿಲ್ಲದಿದ್ದರೆ ಮತ್ತೆ ಎಣ್ಣೆ ಸುರಿಯಬೇಕು.

ಅತ್ಯಂತ ಹಳೆಯ ಯಂತ್ರಕ್ಕೆ ಅತ್ಯಂತ ಕಠಿಣವಾದ ಕೆಲಸ ಕೊಡುತ್ತಿದ್ದೇವೆ. ಒಂದೇ ಸಮನೆ ಓಡಲು ಅದಕ್ಕೆ ಅವಕಾಶವಿಲ್ಲ, ಏಕೆಂದರೆ ಅದರ ವಿದ್ಯುತ್ ದುಬಾರಿ. ಸುಮ್ಮನೆ ಮಲಗಿರಲೂ ಅವಕಾಶವಿಲ್ಲ, ಏಕೆಂದರೆ ಬೇಸಿಗೆಯಲ್ಲಿ ಬೇಕಾಗುತ್ತದೆ. ತೀರ್ಮಾನವಿಲ್ಲದ ಸ್ಥಿತಿಯನ್ನು ದುಬಾರಿ ಎಂದು ಆರಂಭದಲ್ಲಿ ಹೇಳಿದ್ದು ಇದಕ್ಕೇ.

ಶಾಖದ ಮಾತು

ಒಂದು ಯೂನಿಟ್ ವಿದ್ಯುತ್ತಿನಲ್ಲಿರುವ ಶಕ್ತಿ 860 ಕಿಲೊಕ್ಯಾಲೊರಿ. ಹಳೆಯ 210 ಮೆಗಾವ್ಯಾಟ್ ಘಟಕಗಳು ಅದನ್ನು ಕೊಡಲು ಸುಮಾರು 2,500 ಕಿಲೊಕ್ಯಾಲೊರಿ ಉರಿಸುತ್ತವೆ. ಅಂದರೆ ನೂರು ಪಾಲು ಶಾಖದಲ್ಲಿ ಮೂವತ್ತನಾಲ್ಕು ಪಾಲು ವಿದ್ಯುತ್ತಾಗುತ್ತದೆ. ಸರಿಸುಮಾರು ಅರ್ಧ, ಹಬೆಯನ್ನು ಮತ್ತೆ ನೀರಾಗಿಸುವ ಕಂಡೆನ್ಸರಿನ ಮೂಲಕ ಕೂಲಿಂಗ್ ಟವರಿನ ನೆತ್ತಿಯಿಂದ ಗಾಳಿಗೆ ಹೋಗುತ್ತದೆ. ಉಳಿದದ್ದು ಚಿಮಣಿಯ ಪಾಲು.

ಚಳಿದೇಶಗಳಲ್ಲಿ ಆ ಅರ್ಧವನ್ನು ಬಿಸಿನೀರಾಗಿ ಮನೆಗಳಿಗೆ ಹರಿಸುತ್ತಾರೆ. ಮಂಗೋಲಿಯದ ಉಲಾನ್‌ಬಾತರ್ ನಗರ ಚಳಿಗಾಲದಲ್ಲಿ ಬದುಕುವುದೇ ಎಂಬತ್ತರ ದಶಕದಲ್ಲಿ ಆರಂಭವಾದ ದೊಡ್ಡ ಕಲ್ಲಿದ್ದಲು ಕೇಂದ್ರವೊಂದರ ಶಾಖದ ಮೇಲೆ. ಅಲ್ಲಿ ಕೇಂದ್ರ ನಿಂತರೆ ಮನೆಯ ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟುತ್ತದೆ. ದೂರದ ಊರಿನ ವಿದ್ಯುತ್ತನ್ನು ತಂತಿಯಲ್ಲಿ ತರಬಹುದು, ಶಾಖವನ್ನು ತರಲಾಗದು. ಎಷ್ಟೇ ಹಳೆಯದಾದರೂ ಆ ಕೇಂದ್ರವನ್ನು ಸುಲಭವಾಗಿ ಬಿಡುವ ಹಾಗಿಲ್ಲ. ನಮ್ಮದು ಹಾಗಲ್ಲ. ಶಕ್ತಿನಗರದ ಘಟಕಗಳು ಕೊಡುವುದು ವಿದ್ಯುತ್ತನ್ನು ಮಾತ್ರ, ವಿದ್ಯುತ್ತಿಗೆ ತಂತಿ ಸಾಕು.

ಆ ತಂತಿಯೂ ರಾಯಚೂರಿಗೇ ಬಂದಿದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೊವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ವಿದ್ಯುತ್ ಜಾಲ ದೇಶದ ಉಳಿದ ಜಾಲದೊಂದಿಗೆ ಒಂದಾಯಿತು. ಅದಕ್ಕೂ ಮುಂಚೆ ದಕ್ಷಿಣ ಬಹುಮಟ್ಟಿಗೆ ದ್ವೀಪದಂತಿತ್ತು, ಇಲ್ಲಿ ಕಡಿಮೆ ಬಿದ್ದದ್ದನ್ನು ಇಲ್ಲೇ ಹುಟ್ಟಿಸಬೇಕಿತ್ತು. ಆಗ ಒಂದನೇ ಘಟಕದ ಪ್ರತಿ ಮೆಗಾವ್ಯಾಟ್‌ಗೂ ಇದ್ದ ಬೆಲೆ ಈಗ ಉಳಿದಿಲ್ಲ. ಈ ಸಂಗತಿಗೆ ನಮ್ಮ ಚರ್ಚೆಗಳಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಬರದ ವರ್ಷ ಬಂದರೆ?

ಮುಚ್ಚಬಾರದು ಎನ್ನುವವರ ಅತ್ಯಂತ ಬಲವಾದ ವಾದ 2023. ಆ ವರ್ಷ ಮುಂಗಾರು ಕೈಕೊಟ್ಟಿತು, ಜಲಾಶಯಗಳು ತುಂಬಲಿಲ್ಲ. ಅಕ್ಟೋಬರ್‌ನಲ್ಲಿ ಬೇಸಿಗೆಯ ಹಾಗೆ ಪಂಪ್‌ಸೆಟ್‌ಗಳು ಓಡಿದವು. ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ಕೊಡಬೇಕೆಂದು ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮನ್ನು ಬಳಸಿ ಆದೇಶಿಸಬೇಕಾಯಿತು. ಅಂಥ ದಿನ 420 ಮೆಗಾವ್ಯಾಟ್ ಕೈಯಲ್ಲಿದ್ದರೆ ಬೇಡವೆನ್ನುವವರಾರು? ರಾಯಚೂರು, ಕೊಪ್ಪಳದ ರೈತನಿಗೆ ಏಳು ಗಂಟೆಯ ತ್ರೀಫೇಸ್ ವಿದ್ಯುತ್ ಎಂದರೆ ನಿಂತ ಬೆಳೆ. ಕೇಂದ್ರ ವಿದ್ಯುತ್ ಪ್ರಾಧಿಕಾರವೂ 2023ರ ಆರಂಭದಲ್ಲಿ, 2030ರವರೆಗೆ ಹಳೆಯ ಕಲ್ಲಿದ್ದಲು ಘಟಕಗಳನ್ನು ನಿವೃತ್ತಗೊಳಿಸದೆ ನವೀಕರಿಸಿ ಓಡಿಸಿ ಎಂದು ಸಲಹೆ ಮಾಡಿತ್ತು.

ಈ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಎರಡು ಮಾತು ಹೇಳಬೇಕು. ರಾಜ್ಯದ ಗರಿಷ್ಠ ಬೇಡಿಕೆ 2025ರ ಬೇಸಿಗೆಯಲ್ಲಿ 18 ಸಾವಿರ ಮೆಗಾವ್ಯಾಟ್ ದಾಟಿತು. ಎರಡೂ ಘಟಕಗಳು ಪೂರ್ಣವಾಗಿ ಓಡಿದರೂ ಅವುಗಳ ಪಾಲು ಶೇ 2ಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಎರಡನೆಯದು, ಇದು ಹೆಚ್ಚು ಮುಖ್ಯ: ಕಷ್ಟದ ದಿನಕ್ಕೆಂದು ಇಟ್ಟುಕೊಂಡ ಯಂತ್ರ ಕಷ್ಟದ ದಿನ ನಡೆಯುತ್ತದೆಂಬ ಭರವಸೆ ಇರಬೇಕು. ಬೇಸಿಗೆಯಲ್ಲಿ ಹೊರೆ ಏರಿದಾಗಲೇ ಹಳೆಯ ಕೊಳವೆ ಒಡೆಯುವುದು. ಮಳೆಗಾಲದಲ್ಲಿ ಒದ್ದೆ ಕಲ್ಲಿದ್ದಲು ಅದನ್ನು ತುಂಬಿಡುವ ಬಂಕರಿನಲ್ಲಿ ಕಚ್ಚಿಕೊಳ್ಳುತ್ತದೆ. ಕಾಗದದ ಮೇಲೆ 420 ಎಂದು ಬರೆದುಕೊಂಡು ಬೇರೆ ಏರ್ಪಾಡು ಮಾಡದೆ ಕೂತರೆ, ಆ ದಿನ ಕೈಗೆ ಸಿಗುವುದು 210 ಆಗಿರಬಹುದು, ಸೊನ್ನೆಯೂ ಆಗಿರಬಹುದು. ಅದೇ ಜಿಲ್ಲೆಯಲ್ಲಿ ಇನ್ನೂ ಹೆಚ್ಚಿನ ಒತ್ತಡದ ಹಬೆಯಲ್ಲಿ ಓಡುವ ಯರಮರಸ್‌ನ ಸೂಪರ್‌ಕ್ರಿಟಿಕಲ್ ಘಟಕಗಳಿವೆ. ವಿನ್ಯಾಸದ ಪ್ರಕಾರ ಅವು ಒಂದು ಯೂನಿಟ್‌ಗೆ ಹಳೆಯ ಘಟಕಗಳಿಗಿಂತ ಕಡಿಮೆ ಕಲ್ಲಿದ್ದಲು ಸುಡಬೇಕು, ವ್ಯತ್ಯಾಸ ಶೇ 10ಕ್ಕೂ ಮಿಗಿಲು. ಅವುಗಳನ್ನು ಬೇಸಿಗೆಗೆ ಮುಂಚೆ ಗಟ್ಟಿಯಾಗಿ ಸಿದ್ಧಪಡಿಸಿ ಕಲ್ಲಿದ್ದಲು ತುಂಬಿಟ್ಟುಕೊಳ್ಳುವುದು ಬರದ ವರ್ಷಕ್ಕೆ ಹೆಚ್ಚು ನಂಬಬಹುದಾದ ತಯಾರಿ.

ನವೀಕರಣದ ದಾರಿ ತೆರೆದೇ ಇದೆ ಎನ್ನುವವರಿಗೆ ಒಂದೇ ಕೋರಿಕೆ: ಪೂರ್ತಿ ಪಟ್ಟಿ ಮಾಡಿ. ಬಾಯ್ಲರ್‌ನ ಒತ್ತಡದ ಭಾಗಗಳು, ಟರ್ಬೈನ್ ರೋಟರ್, ಜನರೇಟರ್‌ನ ಸುರುಳಿಗಳು, ಶೇ 40ರ ಹೊರೆಗೆ ಇಳಿಯಬಲ್ಲ ಬರ್ನರ್‌ಗಳು ಮತ್ತು ನಿಯಂತ್ರಣ ವ್ಯವಸ್ಥೆ, ಬೂದಿ ಹಿಡಿಯುವ ಇಎಸ್‌ಪಿ. 2015ರ ಡಿಸೆಂಬರ್‌ನ ಪರಿಸರ ನಿಯಮದಂತೆ 2003ಕ್ಕೂ ಹಿಂದಿನ ಘಟಕಗಳ ಚಿಮಣಿಯಿಂದ ಹೊರಬೀಳುವ ದೂಳು ಪ್ರತಿ ಘನಮೀಟರ್‌ಗೆ 100 ಮಿಲಿಗ್ರಾಂ ಮೀರಬಾರದು. ಗಂಧಕದ ಮಿತಿಯಲ್ಲಿ ದೇಶದ ಬಹುಪಾಲು ಕೇಂದ್ರಗಳಿಗೆ 2025ರ ಜುಲೈನಲ್ಲಿ ವಿನಾಯಿತಿ ಸಿಕ್ಕಿತು, ದೂಳಿನ ಮಿತಿ ಹಾಗೇ ಇದೆ. ಈ ಪಟ್ಟಿಯ ಒಂದೆರಡನ್ನು ಮಾತ್ರ ಮಾಡಿದರೆ ಅದು ತೇಪೆ. ಎಲ್ಲವನ್ನೂ ಮಾಡಿದರೆ ಖರ್ಚಾದ ಹಣ ಹಿಂತಿರುಗಲು ಘಟಕ ಇನ್ನೂ ಹತ್ತು ಹದಿನೈದು ವರ್ಷ ಹೆಚ್ಚಿನ ಹೊರೆಯಲ್ಲಿ ಓಡಬೇಕು. ಸೌರ ವಿದ್ಯುತ್ತು ಇಷ್ಟು ವೇಗವಾಗಿ ಬರುತ್ತಿರುವಾಗ ಅಷ್ಟು ಹೊರೆ ಅದಕ್ಕೆ ಎಲ್ಲಿಂದ ಸಿಗುತ್ತದೆ? ಮೂರರಿಂದ ಏಳನೆಯವರೆಗಿನ ಘಟಕಗಳೂ ಸರದಿಯಲ್ಲಿ ಹಳೆಯದಾಗುತ್ತಿವೆ. ಕೈಯಲ್ಲಿರುವ ದುರಸ್ತಿಯ ಹಣ ಅವುಗಳಿಗೆ ಹೋದರೆ ಹೆಚ್ಚು ಫಲ.

ಬೂದಿ, ನೀರು, ಇಟ್ಟಿಗೆ

ಎರಡು ಘಟಕಗಳು ಪೂರ್ಣ ಹೊರೆಯಲ್ಲಿ ದಿನಕ್ಕೆ ಸುಮಾರು 6,500 ಟನ್ ಕಲ್ಲಿದ್ದಲು ಸುಟ್ಟು 2,000 ಟನ್ನಿಗೂ ಹೆಚ್ಚು ಬೂದಿ ಬಿಡುತ್ತವೆ. ಅದರಲ್ಲಿ ಹೆಚ್ಚಿನದು ಹಾರುಬೂದಿ. ಬಲ್ಕರ್ ಲಾರಿಗಳು ಅದನ್ನು ಸಿಮೆಂಟ್ ಕಾರ್ಖಾನೆಗಳಿಗೆ ಒಯ್ಯುತ್ತವೆ, ಸುತ್ತಲಿನ ಇಟ್ಟಿಗೆ ಘಟಕಗಳು ಅದರ ಮೇಲೆಯೇ ನಿಂತಿವೆ. ಉಳಿದದ್ದು ನೀರಿನಲ್ಲಿ ಕಲಸಿ ಬೂದಿ ಹೊಂಡಕ್ಕೆ ಹೋಗುತ್ತದೆ. ಹೊಂಡ ಒಣಗಿದ ಬೇಸಿಗೆಯ ಗಾಳಿಯಲ್ಲಿ ಅದು ಯದ್ಲಾಪುರದ ಕಡೆಯ ಮನೆಗಳ ಮೇಲೂ ಹೊಲಗಳ ಮೇಲೂ ಕೂರುತ್ತದೆ. ಬಿಡಿಸಿಟ್ಟ ಹತ್ತಿಯ ಮೇಲೆ ಬೂದಿ ಬಿದ್ದರೆ ರಾಯಚೂರಿನ ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆ ಸಿಗದೆಂದು ವಿವರಿಸಬೇಕಿಲ್ಲ. ಹಳೆಯ ಹೊಂಡಗಳನ್ನೂ ಸೇರಿಸಿ ಬೂದಿಯನ್ನು ಪೂರ್ತಿಯಾಗಿ ಬಳಸಿ ಮುಗಿಸುವ ಹೊಣೆಯನ್ನು 2021ರ ಡಿಸೆಂಬರ್‌ನ ಅಧಿಸೂಚನೆ ಕೇಂದ್ರಗಳ ಮೇಲೆ ಹೊರಿಸಿದೆ. ಘಟಕ ನಿಂತರೂ ಹೊಂಡ ಅಲ್ಲೇ ಇರುತ್ತದೆ. ಮುಚ್ಚುವ ಯೋಜನೆಯಲ್ಲಿ ಹೊಂಡಕ್ಕೆ ಮೊದಲ ಪುಟ ಸಿಗಬೇಕು.

ನೀರಿನ ಲೆಕ್ಕ ಚಿಕ್ಕದು, ಆದರೆ ಈ ಜಿಲ್ಲೆಗೆ ದೊಡ್ಡದು. ಕೂಲಿಂಗ್ ಟವರ್ ಇರುವ ಹಳೆಯ ಕೇಂದ್ರಗಳಿಗೆ ನಿಗದಿಯಾದ ಮಿತಿ ಪ್ರತಿ ಮೆಗಾವ್ಯಾಟ್ ಗಂಟೆಗೆ 3.5 ಘನಮೀಟರ್. ಆ ಮಿತಿಯಲ್ಲೇ ಓಡಿದರೂ 420 ಮೆಗಾವ್ಯಾಟ್‌ಗೆ ದಿನಕ್ಕೆ ಮೂರೂವರೆ ಕೋಟಿ ಲೀಟರ್ ಬೇಕು. ವರ್ಷವಿಡೀ ಓಡಿದರೆ ಅರ್ಧ ಟಿಎಂಸಿಗೆ ತುಸು ಕಡಿಮೆ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿದಾಗ ಕೇಂದ್ರಕ್ಕೆಂದು ನಾರಾಯಣಪುರ ಜಲಾಶಯದಿಂದ ನೀರು ಬಿಡಬೇಕಾಗುತ್ತದೆ. ಘಟಕಗಳು ನಿಂತರೆ ಉಳಿಯುವ ಪಾಲು ಎಲ್ಲಿಗೆ ಹೋಗಬೇಕು ಎಂಬುದನ್ನೂ ಮೊದಲೇ ಬರೆದಿಡಬೇಕು. ರಾಯಚೂರಿನ ನಲ್ಲಿಗಳಿಗೆ ಹೋಗಬೇಕೆಂಬುದು ನನ್ನ ಅಭಿಪ್ರಾಯ. ಬರೆದಿಡದಿದ್ದರೆ ಅದು ಬೇರೆಲ್ಲೋ ಹರಿದುಹೋಗುತ್ತದೆ.

ಊರಿನ ಪ್ರಶ್ನೆ

ಶಕ್ತಿನಗರ ಎಂಬ ಊರು ಹುಟ್ಟಿದ್ದೇ ಈ ಕೇಂದ್ರದಿಂದ. ಕಾಲೊನಿ, ಶಾಲೆ, ಆಸ್ಪತ್ರೆ, ಅಂಗಡಿ ಸಾಲು, ದೇವಸೂಗೂರಿನ ಬಾಡಿಗೆ ಮನೆಗಳು, ಪಾಳಿ ಮುಗಿಸಿ ಬರುವವರಿಗಾಗಿ ನಸುಕಿನಲ್ಲೇ ತೆರೆಯುವ ಹೋಟೆಲುಗಳು. ಕೇಂದ್ರವನ್ನು ನಡೆಸುವ ಕರ್ನಾಟಕ ವಿದ್ಯುತ್ ನಿಗಮದ ಕಾಯಂ ನೌಕರರಿಗೆ ವರ್ಗಾವಣೆಯ ದಾರಿ ಇದೆ, ಪಿಂಚಣಿ ಇದೆ. ಗುತ್ತಿಗೆ ಕಾರ್ಮಿಕರಿಗೆ ಎರಡೂ ಇಲ್ಲ. ಕಲ್ಲಿದ್ದಲು ಇಳಿಸುವವರು, ಬೂದಿ ತೆಗೆಯುವವರು, ಬೆಸುಗೆಯವರು, ಅಟ್ಟಣಿಗೆ ಕಟ್ಟುವವರು, ಕ್ಯಾಂಟೀನ್ ಮತ್ತು ಸ್ವಚ್ಛತೆಯ ಹೆಂಗಸರು ಗುತ್ತಿಗೆದಾರ ಬದಲಾದಂತೆ ಕಾಗದದ ಮೇಲೆ ಹೊಸಬರಾಗುತ್ತ, ಅದೇ ಕೆಲಸವನ್ನು ಹತ್ತು ಇಪ್ಪತ್ತು ವರ್ಷ ಮಾಡಿದವರು. ಇವರಲ್ಲಿ ಕೇಂದ್ರಕ್ಕೆ ಭೂಮಿ ಕೊಟ್ಟ ಮನೆಗಳವರೂ ಇದ್ದಾರೆ.

ಬೇರೆಡೆ ಏನಾಯಿತು ಎಂಬುದು ನಮ್ಮ ಕಣ್ಣ ಮುಂದಿದೆ. ಪಂಜಾಬಿನ ಬಠಿಂಡಾದಲ್ಲಿ ಎಪ್ಪತ್ತರ ದಶಕದಲ್ಲಿ ಆರಂಭವಾದ 460 ಮೆಗಾವ್ಯಾಟ್‌ನ ಗುರು ನಾನಕ್ ದೇವ್ ಕೇಂದ್ರ 2018ರ ಜನವರಿಯಲ್ಲಿ ಮುಚ್ಚಿತು, ಗುತ್ತಿಗೆ ಕಾರ್ಮಿಕರು ಬೀದಿಗೆ ಬಂದು ಧರಣಿ ಕೂತರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ದೆಹಲಿಯ 705 ಮೆಗಾವ್ಯಾಟ್‌ನ ಬದರ್‌ಪುರ ಕೇಂದ್ರ ನಿಂತಿತು. ದೆಹಲಿಯ ಗಾಳಿಗೆ ಅದು ಒಳ್ಳೆಯದೇ ಆಯಿತು. ಬದರ್‌ಪುರದ ಸುತ್ತ ದೆಹಲಿಯಿದೆ, ಒಂದು ಕೆಲಸ ಹೋದರೆ ಮಹಾನಗರದಲ್ಲಿ ಇನ್ನೊಂದನ್ನು ಹುಡುಕಬಹುದು. ಶಕ್ತಿನಗರದ ಸುತ್ತ ಭತ್ತ, ಹತ್ತಿ, ತೊಗರಿಯ ಹೊಲಗಳಿವೆ. ಕೆಲಸವಿಲ್ಲದ ತಿಂಗಳುಗಳಲ್ಲಿ ಬೆಂಗಳೂರಿನ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಹಳ್ಳಿಗಳಿವೆ. 371 ಜೆ ವಿಧಿಯ ಅಡಿ ವಿಶೇಷ ಸ್ಥಾನ ಪಡೆದ ಪ್ರದೇಶ ಇದು. ಇಲ್ಲಿ ನಿಲ್ಲಿಸುವ ನಿರ್ಧಾರಕ್ಕೆ ಬೇರೆಡೆಗಿಂತ ಹೆಚ್ಚಿನ ಸಿದ್ಧತೆ ಬೇಕೆಂದು ಕೇಳುವುದು ನ್ಯಾಯವಾದ ಬೇಡಿಕೆ.

ಹಾಗಾದರೆ ಯೋಜನೆಯಲ್ಲಿ ಏನಿರಬೇಕು? ಮೊದಲು ದಿನಾಂಕ: ಎರಡು ಮೂರು ವರ್ಷ ಮುಂಚೆಯೇ ಘೋಷಿಸಿದ, ಚುನಾವಣೆ ಬಂದರೂ ಬದಲಾಗದ ದಿನಾಂಕ. ಎರಡೂ ಘಟಕಗಳನ್ನು ಒಟ್ಟಿಗೆ ನಿಲ್ಲಿಸಬೇಕಿಲ್ಲ, ಒಂದನೆಯದು ಮೊದಲು ನಿಂತರೆ ಅದರ ಗಟ್ಟಿ ಬಿಡಿಭಾಗಗಳು ಎರಡನೆಯದನ್ನು ಕೊನೆಯವರೆಗೆ ಸುರಕ್ಷಿತವಾಗಿ ಓಡಿಸಲು ನೆರವಾಗುತ್ತವೆ. ಜಾಗದ ಬಳಕೆಯನ್ನೂ ಅದರಲ್ಲೇ ಬರೆಯಬೇಕು. ವಿದ್ಯುತ್ತನ್ನು ಜಾಲಕ್ಕೆ ಜೋಡಿಸುವ ಸ್ವಿಚ್‌ಯಾರ್ಡ್, ರೈಲು ಹಳಿ, ನೀರಿನ ಏರ್ಪಾಡು, ಸರ್ಕಾರದ್ದೇ ನೆಲ ಇಷ್ಟೂ ಒಂದೇ ಕಡೆ ಇರುವ ಇನ್ನೊಂದು ಜಾಗ ಈ ಭಾಗದಲ್ಲಿ ಸುಲಭವಾಗಿ ಸಿಗುವುದಿಲ್ಲ. ಹಗಲಿನ ಸೌರ ವಿದ್ಯುತ್ತನ್ನು ಸಂಜೆಗೆ ಕೂಡಿಡುವ ಬ್ಯಾಟರಿ ಕೇಂದ್ರಕ್ಕೆ ಇದು ತಕ್ಕ ಸ್ಥಳ. ಹಳೆಯ ಜನರೇಟರನ್ನು ಟರ್ಬೈನಿನಿಂದ ಬಿಡಿಸಿ, ಕಲ್ಲಿದ್ದಲಿಲ್ಲದೆ ಸುಮ್ಮನೆ ತಿರುಗಿಸುತ್ತ ಜಾಲದ ವೋಲ್ಟೇಜನ್ನು ಹಿಡಿದಿಡುವ ಸಿಂಕ್ರೊನಸ್ ಕಂಡೆನ್ಸರ್ ಆಗಿ ಬಳಸುವ ಪದ್ಧತಿ ಜಗತ್ತಿನ ಹಲವೆಡೆ ಇದೆ. ಸೌರ ವಿದ್ಯುತ್ ತುಂಬಿದ ಉತ್ತರ ಕರ್ನಾಟಕದ ಜಾಲಕ್ಕೆ ಆ ನೆರವು ಬೇಕೇ ಬೇಕು. ಜನರೇಟರ್ ಅದಕ್ಕೆ ಯೋಗ್ಯವೇ ಎಂಬುದನ್ನು ಪರೀಕ್ಷೆ ಹೇಳಬೇಕು, ಆ ಪರೀಕ್ಷೆ ಘಟಕ ಬಿಚ್ಚಿ ಗುಜರಿಗೆ ಹಾಕುವ ಮುಂಚೆ ಆಗಬೇಕು.

ಉಳಿದದ್ದು ಜನರ ಲೆಕ್ಕ. ಗುತ್ತಿಗೆದಾರರು ಎಷ್ಟೇ ಬದಲಾಗಿರಲಿ, ಗೇಟ್ ಪಾಸ್ ದಾಖಲೆಗಳಿಂದ, ಭವಿಷ್ಯನಿಧಿಯ ಖಾತೆಗಳಿಂದ ಯಾರು ಎಷ್ಟು ವರ್ಷ ಇಲ್ಲಿ ದುಡಿದಿದ್ದಾರೆ ಎಂಬ ಒಂದೇ ಪಟ್ಟಿ ತಯಾರಾಗಬೇಕು. ಆ ಪಟ್ಟಿಯನ್ನು ದೇವಸೂಗೂರಿನ ಪಂಚಾಯಿತಿಯಲ್ಲಿ ಎಲ್ಲರೆದುರು ಓದಿ, ಬಿಟ್ಟುಹೋದವರ ಹೆಸರು ಸೇರಿಸಿ, ಉಳಿದ ಆರು ಘಟಕಗಳ ಕೆಲಸದಲ್ಲಿ, ಎರಡು ಘಟಕಗಳನ್ನು ಬಿಚ್ಚುವ ಕೆಲಸದಲ್ಲಿ, ಹೊಂಡದ ಬೂದಿ ತೆಗೆದು ಸಾಗಿಸುವ ಕೆಲಸದಲ್ಲಿ ಪಟ್ಟಿಯಲ್ಲಿರುವವರಿಗೇ ಮೊದಲ ಅವಕಾಶ ಎಂದು ಟೆಂಡರಿನ ಷರತ್ತಿನಲ್ಲೇ ಬರೆಯಬೇಕು. ಘಟಕ ನಿಂತ ಮೇಲೆ ಗುತ್ತಿಗೆದಾರರೂ ಹೊರಟುಹೋಗುತ್ತಾರೆ, ಅವರ ಹಾಜರಿ ಪುಸ್ತಕಗಳೂ ಹೋಗುತ್ತವೆ. ಪಟ್ಟಿ ಅದಕ್ಕೂ ಮುಂಚೆ ಆಗಬೇಕು.